ಎಡಬದಿಯ ಆಸನ

ನಿವೃತ್ತಿಯ ನಂತರ ದಂಪತಿಗಳು ಬಹಳ ಆಸೆಯಿಂದ ಕೈಗೊಂಡ ದೊಡ್ಡ ಪ್ರವಾಸವೊಂದು, ಮುಗಿದ ಕೆಲವೇ ವಾರಗಳಲ್ಲಿ ಆಪ್ತಸಲಹೆಯ ಕೊಠಡಿಗೆ ಬಂದು ನಿಲ್ಲುವುದನ್ನು ಮೈಸೂರಿನಲ್ಲಿ ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಮಕ್ಕಳು ನೆಲೆ ಕಂಡಿದ್ದಾರೆ, ಮನೆಸಾಲ ತೀರಿದೆ, ಕೈಕಾಲು ಇನ್ನೂ ಗಟ್ಟಿಯಾಗಿವೆ. ಇಷ್ಟು ವರ್ಷ ಸಂಸಾರಕ್ಕೆಂದು ಓಡಿದ್ದಾಯಿತು, ಇನ್ನು ನಾವಿಬ್ಬರೇ ಎಂದು ಹೊರಟವರು, ಮರಳಿದ ಮೇಲೆ ಊಟದ ಮೇಜಿನ ಬಳಿ ಎದುರುಬದುರು ಕೂರಲೂ ಒಲ್ಲದವರಾಗಿರುತ್ತಾರೆ. ಈ ಪ್ರಕರಣವನ್ನು ಆ ದಂಪತಿಯ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬದಲಾಯಿಸಿ ಬರೆಯುತ್ತಿದ್ದೇನೆ. ನಾನು ಕೊಟ್ಟ ಸಲಹೆ ಅವರ ಬಂಧುಗಳಿಗೆ ಸರಿತೋರಲಿಲ್ಲ. ಅದನ್ನು ಏಕೆ ಕೊಟ್ಟೆನೆಂದು ವಿವರಿಸುವುದು ನನ್ನ ಹೊಣೆಯೆಂದು ಭಾವಿಸಿದ್ದೇನೆ.

ಯಜಮಾನರು ಸರ್ಕಾರಿ ಹುದ್ದೆಯಿಂದ ನಿವೃತ್ತರಾದವರು, ಪತ್ನಿ ಪ್ರೌಢಶಾಲೆಯಲ್ಲಿ ಪಾಠ ಹೇಳಿದವರು, ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಮಗಳ ಮನೆಗೆ ಹೋದಾಗ, ಸ್ಕಾಟ್ಲೆಂಡಿನ ಉತ್ತರದ ಕಡಲಂಚನ್ನು ಸುತ್ತುವ ನಾರ್ತ್ ಕೋಸ್ಟ್ 500 ಎಂಬ ಮಾರ್ಗದಲ್ಲಿ ಮೋಟಾರ್‌ಹೋಮ್ (ಒಳಗೇ ಅಡುಗೆ ಮಾಡಿ ಮಲಗಬಹುದಾದ ವಾಹನ) ಬಾಡಿಗೆಗೆ ಪಡೆದು ಇಬ್ಬರೇ ಹೋಗಿಬರಬೇಕೆಂದು ಯಜಮಾನರು ನಿರ್ಧರಿಸಿದ್ದರು. 2015ರಲ್ಲಿ ಪ್ರವಾಸಿಗರಿಗಾಗಿ ಈ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಈ ಮಾರ್ಗ ಇನ್ವರ್ನೆಸ್ ನಗರದಿಂದ ಹೊರಟು ಅಲ್ಲಿಗೇ ಮರಳುತ್ತದೆ. ಉದ್ದ 516 ಮೈಲಿ, ಅಂದರೆ ಸುಮಾರು 830 ಕಿಲೋಮೀಟರು. ಭಾರತದ ಪರವಾನಗಿಯಲ್ಲೇ ಅಲ್ಲಿ ಒಂದು ವರ್ಷದವರೆಗೆ ಮೂರೂವರೆ ಟನ್ನಿನೊಳಗಿನ ವಾಹನ ಓಡಿಸಲು ಅವಕಾಶವಿದೆ. ನಮ್ಮಂತೆಯೇ ಅಲ್ಲಿಯೂ ರಸ್ತೆಯ ಎಡಬದಿಯಲ್ಲೇ ಚಲಿಸಬೇಕು. ಆದ್ದರಿಂದ ಕಷ್ಟವೇನೂ ಇಲ್ಲವೆಂದು ಅವರು ನಂಬಿದ್ದರು.

ಮೊದಲ ಭೇಟಿಗಳಲ್ಲಿ ಕೇಳಿದ್ದು ಎಲ್ಲ ಮನೆಗಳಲ್ಲೂ ಇರುವ ದೂರುಗಳನ್ನೇ. ಅವುಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ವಿಷಯ ತಿರುವು ಪಡೆದದ್ದು, ಯಜಮಾನರು ಪ್ರವಾಸದ ದಿನಚರಿಯ ಪುಸ್ತಕವನ್ನು ತಂದು, ಯಾವ ದಿನ ಎಷ್ಟು ದೂರ ಸಾಗಿದೆವು, ಎಲ್ಲಿ ತಂಗಿದೆವು, ಪತ್ನಿ ಎಲ್ಲೆಲ್ಲಿ ಮುಖ ಸಿಂಡರಿಸಿಕೊಂಡರು ಎಂದು ಓದತೊಡಗಿದ ದಿನ. ಬ್ಯಾಲಾಖ್ ನ ಬಾ ಎಂಬ ಘಟ್ಟದ ಪುಟಕ್ಕೆ ಬಂದಾಗ ಅವರ ದನಿ ಗಡುಸಾಯಿತು. ಸಮುದ್ರಮಟ್ಟದಿಂದ ಒಮ್ಮೆಗೇ 626 ಮೀಟರು ಎತ್ತರಕ್ಕೆ ಏರುವ, ಒಂದೇ ವಾಹನ ಹೋಗುವಷ್ಟು ಅಗಲದ, ಕಡಿದಾದ ತಿರುವುಗಳ ರಸ್ತೆ ಅದು. ಹೊಸದಾಗಿ ಕಲಿಯುತ್ತಿರುವ ಚಾಲಕರಿಗೂ ಭಾರಿ ವಾಹನಗಳಿಗೂ ಈ ದಾರಿ ಸೂಕ್ತವಲ್ಲವೆಂದು ಬುಡದಲ್ಲೇ ಫಲಕ ಹಾಕಿದ್ದಾರೆ. ಪತ್ನಿ ಆ ಫಲಕವನ್ನು ಗಟ್ಟಿಯಾಗಿ ಓದಿ, ತಿರುಗಿಸಿ ಎಂದಿದ್ದರು. ಅವರು ಬೇರೆ ದಾರಿ ಹಿಡಿದರು, ಆದರೆ ಆಮೇಲೆ ಹೆಂಡತಿಯೊಡನೆ ಮಾತು ಬಿಟ್ಟರು.

"ಮೇಡಂ, ಮೂವತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ, ಒಂದು ಗೀರು ಬಿದ್ದಿಲ್ಲ. ಅಂಥ ಜಾಗಕ್ಕೆ ಕರೆದುಕೊಂಡು ಹೋದರೆ ಇವಳು ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಕೂತಿದ್ದಳು. ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ಲವಾ?" ಎಂದು ಅವರು ಕೇಳಿದರು.

ಆಕೆ ಬಹಳ ಹೊತ್ತು ಸುಮ್ಮನಿದ್ದು, ಅವರತ್ತ ತಿರುಗದೆ ನನಗೆ ಹೇಳಿದರು: "ಇವರು ಬಲಗಡೆ ಕೂತಿದ್ದರು, ಇವರ ಪಕ್ಕಕ್ಕೆ ಬೆಟ್ಟ. ನಾನು ಎಡಗಡೆ, ನನ್ನ ಪಕ್ಕಕ್ಕೆ ಏನೂ ಇರಲಿಲ್ಲ. ಬ್ರೇಕು ಇವರ ಕಾಲ ಕೆಳಗಿತ್ತು. ನನ್ನ ಕಾಲ ಕೆಳಗೆ ಬರೀ ತಗಡು."

ನಾನು ಒಂದು ಹಾಳೆಯ ಮೇಲೆ ಆ ಕಡಲಂಚನ್ನು ಸ್ಥೂಲವಾಗಿ ಬರೆದು, ಯಾವ ದಿಕ್ಕಿನಲ್ಲಿ ಸುತ್ತಿದಿರಿ ಎಂದು ಕೇಳಿದೆ. ಶುಭವೆಂದು ಪ್ರದಕ್ಷಿಣೆಯ ದಿಕ್ಕನ್ನೇ ಆರಿಸಿಕೊಂಡಿದ್ದಾಗಿ ಯಜಮಾನರು ಹೇಳಿದರು. ಪ್ರದಕ್ಷಿಣೆಯಲ್ಲಿ ನಡುವಿನದು ಬಲಕ್ಕಿದ್ದರೆ ಹೊರಗಿನದು ಎಡಕ್ಕೆ. ಪಶ್ಚಿಮದ ದಡದಲ್ಲಿ ಉತ್ತರಕ್ಕೆ ಸಾಗುವಾಗ ಬಹುಪಾಲು ನೆಲವೆಲ್ಲ ಚಾಲಕನ ಕಡೆಗೂ ಕಡಲೆಲ್ಲ ಪಕ್ಕದಲ್ಲಿ ಕುಳಿತವರ ಕಡೆಗೂ ಬರುತ್ತದೆ. ಎದುರಿನಿಂದ ವಾಹನ ಬಂದಾಗ ಎಡಕ್ಕೆ ಸರಿಯುವುದೆಂದರೆ ಆಕೆಯ ಕಿಟಕಿ ಅಂಚಿನ ಕಡೆಗೆ ಸರಿಯುವುದು. ಯಜಮಾನರು ಆ ಹಾಳೆಯನ್ನು ಕೈಗೆತ್ತಿಕೊಂಡು ನೋಡಿ, "ಅದು ಸರಿಯೇ. ನಾನು ಆ ಕಡೆ ಕೂತೇ ಇಲ್ಲ" ಎಂದರು. ಪತ್ನಿಗೆ ವಾಹನ ಚಾಲನೆ ಬಾರದ ಕಾರಣ, ಪ್ರವಾಸವಿಡೀ ಅವರು ಒಮ್ಮೆಯೂ ಎಡಬದಿಯ ಆಸನದಲ್ಲಿ ಕುಳಿತಿರಲಿಲ್ಲ.

ಸ್ಟಿಯರಿಂಗ್ ಹಿಡಿದವರಿಗೆ ಮುಂದಿನ ಕ್ಷಣದಲ್ಲಿ ತಾವೇನು ಮಾಡಲಿದ್ದೇವೆಂಬುದು ಮೊದಲೇ ಗೊತ್ತಿರುತ್ತದೆ, ಹಾಗಾಗಿ ಅವರ ದೇಹ ತಿರುವಿಗೆ ಸಿದ್ಧವಾಗಿರುತ್ತದೆ. ಪಕ್ಕದಲ್ಲಿ ಕುಳಿತವರಿಗೆ ಅದೇ ತಿರುವು ಅನಿರೀಕ್ಷಿತ. ನಿಯಂತ್ರಣ ಕೈಯಲ್ಲಿಲ್ಲದಾಗ ಭಯ ಹೆಚ್ಚುವುದು ದೇಹದ ಸಹಜ ವರ್ತನೆ; ಅದು ಚಾಲಕನ ಯೋಗ್ಯತೆಯ ಬಗ್ಗೆ ಕೊಟ್ಟ ತೀರ್ಪಲ್ಲ. ಆಕೆ ಫಲಕವನ್ನು ಓದಿದ್ದು ತನ್ನ ಭಯಕ್ಕೆ ಒಂದು ಸಾಕ್ಷಿ ಸಿಕ್ಕಿತೆಂದು, ಅವರು ಅದನ್ನು ಕೇಳಿಸಿಕೊಂಡದ್ದು ತನಗೆ ಗಾಡಿ ಓಡಿಸಲು ಬರುವುದಿಲ್ಲವೆಂಬ ಮೂದಲಿಕೆಯಾಗಿ. ಮನೆಯ ಹಣಕಾಸು, ಮಗಳ ಮದುವೆ, ನಿವೇಶನದ ಖರೀದಿ ಇವೆಲ್ಲದರಲ್ಲೂ ಚುಕ್ಕಾಣಿ ಒಬ್ಬರ ಕೈಯಲ್ಲೂ ಅಪಾಯದ ಅಂಚು ಇನ್ನೊಬ್ಬರ ಪಕ್ಕಕ್ಕೂ ಇದ್ದುದನ್ನು ಆ ದಿನದ ಮಾತುಕತೆಯಲ್ಲಿ ಆಕೆಯೇ ಒಂದೊಂದಾಗಿ ತೆರೆದಿಟ್ಟರು.

ನಾನು ಯಜಮಾನರಿಗೆ ಹೇಳಿದ ಮೊದಲ ಕೆಲಸ, ಬಾಡಿಗೆ ಕಾರಿನಲ್ಲಿ ಎಡಬದಿಯ ಮುಂದಿನ ಆಸನದಲ್ಲಿ ಕುಳಿತು ಚಾಮುಂಡಿಬೆಟ್ಟ ಹತ್ತಿ ಇಳಿದು ಬರುವುದು, ಚಾಲಕನಿಗೆ ಒಂದು ಮಾತೂ ಹೇಳದಿರುವುದು. ಎರಡನೆಯದು, ಇನ್ನು ಮುಂದೆ ಯಾವ ಪ್ರಯಾಣದಲ್ಲಾಗಲಿ, ಹೆದರಿದವರು ನಿಲ್ಲಿಸಿ ಎಂದರೆ ವಾದವಿಲ್ಲದೆ ನಿಲ್ಲಿಸಬೇಕು, ಕಾರಣವನ್ನು ನಿಂತ ಮೇಲೆ ಮಾತಾಡಬೇಕು. ಮಗಳು ಇಬ್ಬರನ್ನೂ ಸರಿಪಡಿಸಲೆಂದು ಇನ್ನೊಂದು ಪ್ರವಾಸದ ಟಿಕೆಟಿಗೆ ಹಣ ಕಟ್ಟಲು ಹೊರಟಿದ್ದಳು, ಸದ್ಯಕ್ಕೆ ಬೇಡವೆಂದೆ. ಅದರ ಬದಲು, ಬೆಳಗಿನ ಹೊತ್ತು ಯಜಮಾನರು ಒಬ್ಬರೇ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು ಬರಲಿ, ಮಧ್ಯಾಹ್ನ ಪತ್ನಿ ಮುಂದಿನ ಕೋಣೆಯ ಬಾಗಿಲು ಹಾಕಿಕೊಂಡು ಓದಲಿ ಅಥವಾ ಮಲಗಲಿ, ಏಕೆಂದು ಯಾರೂ ಕೇಳದಿರಲಿ ಎಂದು ಸೂಚಿಸಿದೆ.

ಬಂಧುಗಳನ್ನು ಕೆರಳಿಸಿದ್ದು ಈ ಕೊನೆಯ ಮಾತು. ಹಿರಿಯರೊಬ್ಬರು ದೂರವಾಣಿಯಲ್ಲಿ, "ಈ ವಯಸ್ಸಿನಲ್ಲಿ ಗಂಡಹೆಂಡಿರಿಗೆ ಬೇರೆ ಬೇರೆ ಕೋಣೆ ತೋರಿಸುವುದು ಯಾವ ಸೀಮೆಯ ಸಲಹೆಯಮ್ಮ?" ಎಂದು ಕೇಳಿದರು. ಪ್ರಕರಣದ ಗೋಪ್ಯತೆಯಿಂದಾಗಿ ಅಂದು ಉತ್ತರ ಕೊಡಲಾಗಲಿಲ್ಲ. ಇಂದು ದಂಪತಿಯ ಅನುಮತಿಯಿಂದ ಹೇಳುತ್ತೇನೆ: ಆ ದಾಂಪತ್ಯ ಅಷ್ಟು ವರ್ಷ ಗಟ್ಟಿಯಾಗಿ ನಿಂತದ್ದರಲ್ಲಿ ಇಬ್ಬರ ನಡುವಿನ ಅಂತರಕ್ಕೂ ಪಾಲಿದೆ. ಕಚೇರಿಯ ಹೊತ್ತು, ಶಾಲೆಯ ಗಂಟೆ, ಅತ್ತೆಯ ಅಡುಗೆಮನೆ, ಮಗಳ ಪರೀಕ್ಷೆ, ಬಂದುಹೋಗುವ ನೆಂಟರು, ಇವೆಲ್ಲ ಇಬ್ಬರ ನಡುವೆ ಇದ್ದುದರಿಂದಲೇ ಕೋಪ ತಣಿಯಲು ಜಾಗ ಸಿಗುತ್ತಿತ್ತು. ಮೋಟಾರ್‌ಹೋಮಿನಲ್ಲಿ ಒಲೆ, ಹಾಸಿಗೆ, ಶೌಚಾಲಯ ಎಲ್ಲವೂ ಕೈಯಳತೆಯಲ್ಲಿವೆ. ಒಬ್ಬರು ಎದ್ದರೆ ಇನ್ನೊಬ್ಬರು ಕಾಲು ಮಡಚಿಕೊಳ್ಳಬೇಕು. ಹೊರಗೆ ಹೋಗಿ ನಿಲ್ಲೋಣವೆಂದರೆ ಮಳೆ. ಮಳೆ ಬಿಟ್ಟ ಬೇಸಿಗೆಯ ಸಂಜೆಗಳಲ್ಲಿ ಆ ದಡದಲ್ಲಿ ಮಿಡ್ಜ್ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಚ್ಚುವ ನೊಣಗಳು ಮುತ್ತಿಕೊಳ್ಳುತ್ತವೆ. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಹತ್ತು ದಾಟಿದ ಮೇಲೆ ಸೂರ್ಯ ಮುಳುಗುವುದರಿಂದ, ಕತ್ತಲಾಯಿತು ಮಲಗೋಣ ಎಂದು ಜಗಳವನ್ನು ಮುಗಿಸುವ ದಾರಿಯೂ ಇರಲಿಲ್ಲ. ಅಂತರವನ್ನು ಒಮ್ಮೆಗೇ ಕಿತ್ತುಹಾಕಿದರೆ ಆತ್ಮೀಯತೆ ತಾನಾಗಿ ಹುಟ್ಟುತ್ತದೆಂದು ನಾನು ನಂಬುವುದಿಲ್ಲ. ಬಾಗಿಲು ಹಾಕಿಕೊಳ್ಳುವ ಸ್ವಾತಂತ್ರ್ಯವಿದ್ದವರಿಗೆ ಅದನ್ನು ತೆರೆದು ಬರುವುದು ಸುಲಭವಾಗುತ್ತದೆ, ಅದರಲ್ಲೂ ಬದುಕಿನುದ್ದಕ್ಕೂ ಸ್ವಂತಕ್ಕೊಂದು ಕೋಣೆ ಕಾಣದ ಹೆಣ್ಣುಮಕ್ಕಳಿಗೆ. ಪ್ರವಾಸ ಚಿಕಿತ್ಸೆಯಲ್ಲ, ಮೊದಲೇ ಇದ್ದ ಬಿರುಕಿನ ಮೇಲೆ ಅದು ಭಾರ ಹೇರುತ್ತದೆ. ಹೊರಡುವ ಮುನ್ನ ಹೋಟೆಲು, ವೀಸಾ, ವಿಮೆಗಳ ಜೊತೆಗೆ, ನಿಲ್ಲಿಸುವ ಅಧಿಕಾರ ಯಾರದು, ದಿನಕ್ಕೊಂದು ಗಂಟೆ ಯಾರು ಎಲ್ಲಿ ಒಬ್ಬರೇ ಇರುತ್ತಾರೆ ಎಂಬುದನ್ನೂ ಮಾತಾಡಿಕೊಳ್ಳಿ ಎಂದು ಬರುವ ಎಲ್ಲ ದಂಪತಿಗಳಿಗೂ ಈಗ ಒತ್ತಿ ಹೇಳುತ್ತಿದ್ದೇನೆ.

ಚಾಮುಂಡಿಬೆಟ್ಟಕ್ಕೆ ಹೋಗಿಬಂದ ಯಜಮಾನರು, ಇಳಿಯುವಾಗ ತಮ್ಮ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತೆಂದು ಪತ್ನಿಯ ಎದುರಿನಲ್ಲೇ ಹೇಳಿದರು. ಸ್ಕಾಟ್ಲೆಂಡಿನಲ್ಲಿ ತಾವು ಒಂದು ತಿರುವನ್ನೂ ತಪ್ಪಾಗಿ ತೆಗೆದುಕೊಂಡಿಲ್ಲವೆಂಬ ಮಾತಿಗೆ ಅವರು ಇಂದಿಗೂ ಅಂಟಿಕೊಂಡಿದ್ದಾರೆ. ಅದು ನಿಜವೂ ಹೌದಾದ್ದರಿಂದ ಬಿಟ್ಟುಕೊಡಿ ಎಂದು ನಾನು ಕೇಳಿಲ್ಲ. ಇತ್ತೀಚಿನ ಭೇಟಿಯಲ್ಲಿ ನಮ್ಮದೇ ಕರಾವಳಿಗೆ ಹೋಗುವ ಪ್ರಸ್ತಾಪ ಬಂತು. ಮಂಗಳೂರಿನಿಂದ ಉತ್ತರಕ್ಕೆ ಹೋಗುವ ಬದಲು ಮೊದಲು ಕಾರವಾರಕ್ಕೆ ಒಳನಾಡಿನ ದಾರಿಯಲ್ಲಿ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ಇಳಿದು ಬಂದರೆ ಕಡಲು ತಮ್ಮ ಬಲಕ್ಕಿರುತ್ತದೆಂದು ಯಜಮಾನರೇ ಲೆಕ್ಕ ಹಾಕಿಕೊಂಡು ಬಂದಿದ್ದರು. ಆಕೆ ಇನ್ನೂ ಒಪ್ಪಿಲ್ಲ. ಒಪ್ಪಲೇಬೇಕೆಂದು ನಾನೂ ಹೇಳಿಲ್ಲ.