ಕಾಲಿನ ಗೆರೆಗಳು, ಅಮ್ಮನ ಹುಣ್ಣು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಬಂದವರು 38ರ ಮಹಿಳೆ, ಸೀರೆ ಅಂಗಡಿಯ ಮಾರಾಟ ಸಹಾಯಕಿ. ನಿದ್ದೆ ಬರುವುದಿಲ್ಲ ಎಂದಾಗ ಚರ್ಮದ ವೈದ್ಯರು ಆಪ್ತ ಸಮಾಲೋಚಕಿಯಾದ ನನ್ನ ಬಳಿ ಕಳುಹಿಸಿದ್ದರು. ತೊಡೆಯ ಹೊರಬದಿಯಲ್ಲಿ, ಮೊಣಕಾಲಿನ ಹಿಂದೆ ಕೆಂಪು, ನೀಲಿ ಗೆರೆಗಳು ಮೂಡಿದ್ದವು. ‘ಸ್ಪೈಡರ್ ವೇನ್ಸ್, ಗಾಬರಿ ಬೇಡ’ ಎಂದಿದ್ದರು ವೈದ್ಯರು. ‘ಸೀರೆ ಉಟ್ಟರೆ ಯಾರಿಗೆ ಕಾಣುತ್ತದೆ?’ ಎಂದಿದ್ದರು ಗಂಡ. ಇಬ್ಬರೂ ಅಂದದ ಚಿಂತೆ ಎಂದುಕೊಂಡಿದ್ದರು.

ಮಾತು ಬೆಳೆದಾಗ ಬೇರೆಯೇ ಸಂಗತಿ ಹೊರಬಂತು. ಅವರ ತಾಯಿಗೆ ಕಾಲಿನ ಹರಡಿನ ಬಳಿ ಹುಣ್ಣಾಗಿ ವರ್ಷಗಟ್ಟಲೆ ಮಾಯದೆ ಉಳಿದಿತ್ತು. ದಿನವೂ ಪಟ್ಟಿ ಕಟ್ಟುತ್ತಿದ್ದವರು ಇವರೇ. ‘ನನಗೂ ಅದೇ ಶುರುವಾಗಿದೆ ಅಲ್ಲವೇ ಮೇಡಂ?’

ಇಂಥ ಪ್ರಶ್ನೆಗೆ ಸಮಾಧಾನದ ಮಾತು ಸಾಲದು. ಅಳತೆಯನ್ನೇ ಹೇಳಿದೆ. ಈ ಗೆರೆಗಳ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಅವು ಚರ್ಮದೊಳಗಿನ ಸಣ್ಣ ರಕ್ತನಾಳಗಳು. ವೇರಿಕೋಸ್ ಎನ್ನುವುದು ಮೂರು ಮಿಲಿಮೀಟರ್ ಅಥವಾ ಅದಕ್ಕೂ ದಪ್ಪವಾಗಿ, ನಿಂತಾಗ ಹುರಿಹಗ್ಗದಂತೆ ಉಬ್ಬುವ ರಕ್ತನಾಳ. ಒಳಗಿನ ಕವಾಟಗಳು ಸೋತು ರಕ್ತ ಕೆಳಗೇ ನಿಂತು, ಚರ್ಮ ಕಪ್ಪಾಗಿ, ಕೊನೆಗೆ ಹುಣ್ಣಾಗುವುದು ಅಂಥ ದೊಡ್ಡ ನಾಳಗಳ ದೋಷದಿಂದ. ಬರೀ ಗೆರೆಗಳು ತಾವಾಗಿ ಹುಣ್ಣಾಗುವುದಿಲ್ಲ. ಆದರೆ ಮನೆತನದಲ್ಲಿ ತೊಂದರೆ ಇದೆ, ಸಂಜೆ ಕಾಲು ಭಾರವಾಗುತ್ತದೆ ಎಂದ ಮೇಲೆ ಊಹೆಯಲ್ಲಿ ಉಳಿಯುವುದು ಸರಿಯಲ್ಲ. ನಾಳಗಳಲ್ಲಿ ರಕ್ತ ಹರಿಯುವ ಬಗೆ ತೋರಿಸುವ ಡಾಪ್ಲರ್ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಲು ಹೇಳಿದೆ. ಸ್ಕ್ಯಾನ್ ಆಯಿತು. ದೊಡ್ಡ ನಾಳಗಳ ಕವಾಟಗಳು ಸರಿಯಾಗಿಯೇ ಇದ್ದವು. ನಿದ್ದೆ ಬಹುಪಾಲು ಅಲ್ಲಿಗೇ ಮರಳಿತು.

ಉಳಿದದ್ದು ಅಂಗಡಿ. ನಡೆಯುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ನಿಂತಲ್ಲೇ ನಿಂತರೆ ಆ ಕೆಲಸ ನಡೆಯುವುದಿಲ್ಲ. ಕೌಂಟರಿನ ಹಿಂದೆ ಆಗಾಗ ಹಿಮ್ಮಡಿ ಎತ್ತಿ ಇಳಿಸಿ, ಗಿರಾಕಿ ಇಲ್ಲದಾಗ ನಾಲ್ಕು ಹೆಜ್ಜೆ ಓಡಾಡಿ, ಮನೆಯಲ್ಲಿ ಕಾಲಡಿಗೆ ದಿಂಬಿಟ್ಟು ಮಲಗಿ ಎಂದೆ. ಒತ್ತಡದ ಕಾಲುಚೀಲವನ್ನು ವೈದ್ಯರು ಹೇಳಿದ ಅಳತೆಯದೇ ಕೊಂಡು, ಬೆಳಿಗ್ಗೆ ಕಾಲು ಊದುವ ಮೊದಲೇ ಹಾಕಿಕೊಳ್ಳಬೇಕು. ಅದು ಭಾರ ಇಳಿಸುತ್ತದೆ, ಮೂಡಿದ ಗೆರೆ ಅಳಿಸುವುದಿಲ್ಲ. ಅವರು ದುಬಾರಿ ಬೆಲೆಗೆ ತರಿಸಿಕೊಂಡಿದ್ದ ಎಣ್ಣೆಯೂ ಅಳಿಸುವುದಿಲ್ಲ; ಆ ಜಾಹೀರಾತುಗಳ ಮೇಲೆ ನನಗೆ ಸಿಟ್ಟಿದೆ.

ಕುಳಿತುಕೊಳ್ಳಲು ಸ್ಟೂಲ್ ಕೇಳುವುದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕುಳಿತುಕೊಳ್ಳುವ ಹಕ್ಕನ್ನು ಕಾನೂನಿಗೆ ಸೇರಿಸಿವೆ ಎಂದಾಗ ಅವರು ನಂಬಲಿಲ್ಲ. ಒಬ್ಬರೇ ಹೋಗಬೇಡಿ, ಜೊತೆಯವರನ್ನು ಕರೆದುಕೊಳ್ಳಿ, ಹಬ್ಬದ ವ್ಯಾಪಾರದ ಗಡಿಬಿಡಿಯಲ್ಲಿ ಕೇಳಬೇಡಿ ಎಂದೆ. ‘ಅಣ್ಣಾ, ಗಿರಾಕಿ ಇಲ್ಲದಾಗ ಐದು ನಿಮಿಷ ಕೂರುತ್ತೇವೆ, ಯಾರಾದರೂ ಬಂದ ಕೂಡಲೇ ಏಳುತ್ತೇವೆ’ ಎಂಬ ಮಾತನ್ನು ನನ್ನ ಮುಂದೆಯೇ ಹೇಳಿ ಅಭ್ಯಾಸ ಮಾಡಿಕೊಂಡರು. ಮೊದಲ ಸಲ ಕಣ್ಣು ನೆಲದ ಮೇಲಿತ್ತು.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳನ್ನು ಬರೆದುಕೊಟ್ಟೆ: ಒಂದೇ ಕಾಲು ಏಕಾಏಕಿ ಊದಿ ನೋಯುವುದು, ಅಥವಾ ಏಕಾಏಕಿ ಉಸಿರು ಕಟ್ಟುವುದು. ಚರ್ಮ ಕಪ್ಪಾದರೆ, ಹುಣ್ಣು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ನಾಳ ಒಡೆದು ರಕ್ತ ಬಂದರೆ ಮಲಗಿ, ಕಾಲೆತ್ತಿ, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಬೇಕು.

ಮಾಲೀಕರು ಎರಡು ಸ್ಟೂಲ್ ತರಿಸಿದ್ದಾರೆ. ಐವರು ಸರದಿಯಂತೆ ಕೂರುತ್ತಾರೆ. ಗೆರೆಗಳು ಹಾಗೇ ಇವೆ. ಇಂಜೆಕ್ಷನ್ ಕೊಟ್ಟು ಅವನ್ನು ಮುಚ್ಚಿಸಬಹುದು, ಆದರೆ ಹೊಸವು ಮೂಡಬಹುದು ಎಂದು ವೈದ್ಯರು ಹೇಳಿದ್ದಾರೆ. ಸದ್ಯಕ್ಕೆ ಬೇಡ, ಮಗಳ ಪಿಯುಸಿ ಶುಲ್ಕ ಕಟ್ಟಬೇಕು ಎಂದರು.