ಬಚ್ಚಲಿನ ನಲ್ಲಿ ಮತ್ತು ಸಣ್ಣ ಮಕ್ಕಳು: ಸುಟ್ಟಗಾಯ ತಜ್ಞರ ಉತ್ತರ

ಚಳಿ ಶುರುವಾದ ಕೂಡಲೇ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರತೊಡಗುತ್ತದೆ. ಉತ್ತರ ಕೊಟ್ಟು ಕೊಟ್ಟು ನನಗೆ ಬೇಸರ ಬಂದಿದೆ. ಆದರೆ ಪ್ರಶ್ನೆಯೂ ನಿಂತಿಲ್ಲ, ಬಿಸಿನೀರಿಗೆ ಬೆಂದು ವಾರ್ಡಿಗೆ ಬರುವ ಮಕ್ಕಳೂ ನಿಂತಿಲ್ಲ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಮಗುವನ್ನು ಬಚ್ಚಲಲ್ಲಿ ಒಂದನ್ನೇ ಬಿಟ್ಟು ಹೋಗಬಾರದು ಎಂಬುದನ್ನೆಲ್ಲ ವಿವರಿಸಲು ಹೋಗುವುದಿಲ್ಲ. ಅದು ನಿಮಗೆ ಗೊತ್ತಿರಲೇಬೇಕು.

ಪ್ರಶ್ನೆ: ಮಗನಿಗೆ ಒಂದೂವರೆ ವರ್ಷ. ಸ್ನಾನದ ಹೊತ್ತಲ್ಲಿ ನಲ್ಲಿ ತಿರುಗಿಸುವುದೇ ಅವನಿಗೆ ಆಟ. ಮನೆಯಲ್ಲಿ ಸೋಲಾರ್ ಇದೆ, ಮೋಡದ ದಿನಕ್ಕೆ ಗೀಸರ್ ಇದೆ. ನಾವು ಯಾವಾಗಲೂ ಪಕ್ಕದಲ್ಲೇ ಇರುತ್ತೇವೆ. ಅಷ್ಟು ಸಾಕಲ್ವಾ? (ತುಮಕೂರಿನಿಂದ ಒಬ್ಬ ತಾಯಿ)

ಸಾಲದು.

ನನ್ನ ಹತ್ತಿರ ಬರುವ ಬಹಳಷ್ಟು ತಂದೆತಾಯಿಯರು ಪಕ್ಕದಲ್ಲೇ ಇದ್ದವರು. "ಟವೆಲ್ ತಗೊಳ್ಳೋಕೆ ತಿರುಗಿದೆ ಡಾಕ್ಟ್ರೇ, ಅಷ್ಟೇ" ಎಂದು ಅಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಟವೆಲ್ಲಿಗೆ ತಿರುಗುವಷ್ಟು ಹೊತ್ತೇ ಸುಡುನೀರಿಗೆ ಸಾಕು.

ಎಷ್ಟು ಬಿಸಿಗೆ ಎಷ್ಟು ಹೊತ್ತಲ್ಲಿ ಚರ್ಮ ಬೇಯುತ್ತದೆ ಎಂಬುದನ್ನು ಮೊರಿಟ್ಸ್ ಮತ್ತು ಹೆನ್ರಿಕ್ಸ್ ಎಂಬ ಇಬ್ಬರು ಸಂಶೋಧಕರು 1947ರಲ್ಲೇ ಅಳೆದು ಬರೆದಿಟ್ಟಿದ್ದಾರೆ. ದೊಡ್ಡವರ ಚರ್ಮಕ್ಕೆ 49 ಡಿಗ್ರಿ ನೀರು ತಾಗಿದರೆ ಆಳದ ಗಾಯವಾಗಲು ಸುಮಾರು 10 ನಿಮಿಷ ಬೇಕು. ಅದೇ 60 ಡಿಗ್ರಿ ಇದ್ದರೆ 5 ಸೆಕೆಂಡು. 70 ಡಿಗ್ರಿಗೆ ಒಂದು ಸೆಕೆಂಡೂ ಬೇಡ. ಮಕ್ಕಳ ಚರ್ಮ ತೆಳು, ಹಾಗಾಗಿ ಅವರಿಗೆ ಇದಕ್ಕಿಂತ ಬೇಗ. ಬಿಸಿ ತಾಗಿದರೆ ದೊಡ್ಡವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಒಂದೂವರೆ ವರ್ಷದ ಮಗು ಗಾಬರಿಯಾಗಿ ನಿಂತಲ್ಲೇ ಕಿರುಚುತ್ತದೆ, ಕೆಲವೊಮ್ಮೆ ನಲ್ಲಿಯನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಈಗ ನಿಮ್ಮ ಗೀಸರ್ ನೋಡಿ. ನಮ್ಮಲ್ಲಿ ಹೆಚ್ಚಿನವರ ಮನೆಯ ಗೀಸರ್ 60 ಡಿಗ್ರಿ ಆಸುಪಾಸಿನಲ್ಲಿ ಓಡುತ್ತಿರುತ್ತದೆ. ಸ್ನಾನಕ್ಕೆ ಮಗುವಿಗೆ ಬೇಕಿರುವುದು 37–38 ಡಿಗ್ರಿ. ನಡುವಿನ ವ್ಯತ್ಯಾಸವನ್ನು ಕೈ ಅಂದಾಜಿನಲ್ಲಿ ಸರಿದೂಗಿಸಿಕೊಂಡು ದಿನಾ ಸ್ನಾನ ಮಾಡಿಸುತ್ತಿದ್ದೀರಿ. ದಿನಾ ಸರಿಯಾಗಿದೆ ಎಂದರೆ ನಾಳೆಯೂ ಸರಿಯಾಗುತ್ತದೆ ಎಂದಲ್ಲ.

"ನಾವು ಸ್ನಾನಕ್ಕೆ ಮೊದಲೇ ಸ್ವಿಚ್ ಆಫ್ ಮಾಡುತ್ತೇವೆ" ಎಂದು ಕೆಲವರು ಧೈರ್ಯವಾಗಿ ಬರೆಯುತ್ತಾರೆ. ಅದು ಕರೆಂಟ್ ಹೊಡೆಯದಿರಲಿ ಎಂದು ಮಾಡುವ ಕೆಲಸ. ಅದನ್ನು ಖಂಡಿತ ಮಾಡಿ. ಆದರೆ ಗೀಸರ್ ಒಳಗಿನ ನೀರು ಸ್ವಿಚ್ ಆರಿಸಿದ ತಕ್ಷಣ ತಣ್ಣಗಾಗುವುದಿಲ್ಲ. ಬಿಸಿ ಹಿಡಿದಿಡಲೆಂದೇ ಸುತ್ತ ದಪ್ಪ ಪದರ ಹಾಕಿರುತ್ತಾರೆ. ಗಂಟೆಗಟ್ಟಲೆ ಸುಡುತ್ತದೆ.

ಸೋಲಾರ್ ಇನ್ನೂ ಕಷ್ಟ. ಅದರ ಬಗ್ಗೆ ಯಾರೂ ಕೇಳುವುದೇ ಇಲ್ಲ, ಬಿಸಿಲಿನ ನೀರು ತಾನೇ ಎಂಬ ಸಲುಗೆ. ಗೀಸರ್‌ಗಾದರೆ ಇಷ್ಟು ಬಿಸಿಯಾದರೆ ನಿಲ್ಲಿಸು ಎನ್ನುವ ಥರ್ಮೋಸ್ಟಾಟ್ ಇದೆ. ಸೂರ್ಯನಿಗೆ ಅದಿಲ್ಲ. ಸೋಲಾರ್ ಟ್ಯಾಂಕಿನ ಥರ್ಮೋಸ್ಟಾಟ್ ಅದರೊಳಗಿನ ಕರೆಂಟ್ ಕಾಯಿಲ್‌ಗೆ ಮಾತ್ರ. ಮಾರ್ಚ್, ಏಪ್ರಿಲ್‌ನಲ್ಲಿ ಎರಡು ದಿನ ಊರಿಗೆ ಹೋಗಿ ಬಂದು ನಲ್ಲಿ ಬಿಟ್ಟರೆ 70 ಡಿಗ್ರಿ ದಾಟಿದ ನೀರು ಬರಬಹುದು. ಚಳಿಗಾಲದಲ್ಲಿ ಎಚ್ಚರವಾಗಿದ್ದು, ಬೇಸಿಗೆಯಲ್ಲಿ ಬಿಸಿನೀರು ಯಾರಿಗೆ ಬೇಕು ಎಂದು ಮರೆತುಬಿಡುವ ಮನೆಗಳಲ್ಲೇ ಇದು ಆಗುತ್ತದೆ. ರಾಯಚೂರು, ಕಲಬುರಗಿ ಕಡೆಯವರಿಗೆ ಇನ್ನೊಂದು ಮಾತು: ಮಧ್ಯಾಹ್ನ ತಾರಸಿಯ ಮೇಲಿನ ಪೈಪಿನಿಂದ ಬರುವ ಮೊದಲ "ತಣ್ಣೀರು" ಕೂಡ ಬಿಸಿಯಾಗಿರುತ್ತದೆ. ಅದನ್ನು ಹರಿಯಬಿಟ್ಟು ಆಮೇಲೆ ಮುಟ್ಟಿ.

ನಲ್ಲಿಗಳೂ ಬದಲಾಗಿವೆ. ಹಳೆಯ ಹಿತ್ತಾಳೆ ನಲ್ಲಿಯನ್ನು ಪೂರ್ತಿ ಬಿಡಲು ಹಲವು ಸುತ್ತು ತಿರುಗಿಸಬೇಕಿತ್ತು, ಮಗುವಿನ ಕೈಗೆ ಅದು ಬಗ್ಗುತ್ತಿರಲಿಲ್ಲ. ಈಗಿನದು ಕಾಲು ಸುತ್ತಿಗೇ ಪೂರ್ತಿ ತೆರೆದುಕೊಳ್ಳುತ್ತದೆ. ಬಿಸಿ, ತಣ್ಣೀರು ಎರಡೂ ಬೆರೆತು ಬರುವ, ಒಂದೇ ಹಿಡಿಯ ಮಿಕ್ಸರ್ ನಲ್ಲಿ ಆದರೆ ಮಗು ಹಿಡಿದು ಎದ್ದು ನಿಂತರೂ ಸಾಕು, ತೆರೆದುಕೊಂಡುಬಿಡುತ್ತದೆ. ನೋಡಲು ಚೆಂದ ಎಂದು ನೆಲದಿಂದ ಎರಡೂವರೆ ಅಡಿಗೆ ಅದನ್ನು ಹಾಕಿಸಿರುತ್ತೀರಿ. ಅದು ಸರಿಯಾಗಿ ಆ ಮಗುವಿನ ಎತ್ತರ.

ನೀವೇ ಸರಿಯಾಗಿ ಹದ ಮಾಡಿಟ್ಟಿದ್ದರೂ ನೀರು ನಡುವೆ ಕೈಕೊಡುತ್ತದೆ. ಯಾರೋ ಫ್ಲಶ್ ಮಾಡಿದರು, ಅಡುಗೆಮನೆಯಲ್ಲಿ ನಲ್ಲಿ ಬಿಟ್ಟರು, ತಣ್ಣೀರಿನ ಒತ್ತಡ ಇಳಿಯಿತು, ಮಿಕ್ಸರ್‌ನಿಂದ ಬಿಸಿಯೇ ಜಾಸ್ತಿ ಬಂತು. ಸಣ್ಣ ಇನ್‌ಸ್ಟಂಟ್ ಗೀಸರ್‌ನಲ್ಲಿ ನೀರನ್ನು ಸಣ್ಣಗೆ ಬಿಟ್ಟಷ್ಟೂ ಬಿಸಿ ಏರುತ್ತದೆ. ಮಗುವಿಗೆ ಜೋರಾಗಿ ಬೀಳದಿರಲಿ ಎಂದು ಸಣ್ಣಗೆ ಮಾಡಿದವರೇ ಮೋಸ ಹೋಗುತ್ತಾರೆ. ಹಾಗಾಗಿ ಹರಿಯುವ ನಲ್ಲಿಯ ಕೆಳಗೆ, ಶವರ್ ಕೆಳಗೆ ಸಣ್ಣ ಮಗುವಿಗೆ ಸ್ನಾನ ಬೇಡವೇ ಬೇಡ.

ಏನು ಮಾಡಬೇಕು? ಸುಡುವಷ್ಟು ಬಿಸಿ ನೀರು ನಲ್ಲಿಯ ತನಕ ಬರಲೇಬಾರದು. ಬೇರೆಯದೆಲ್ಲ ಆಮೇಲೆ.

ಗೀಸರ್ ಮುಖದ ಮೇಲೆ ತಿರುಗಣೆ ಇದ್ದರೆ 50ಕ್ಕಿಂತ ಕೆಳಗೆ ಇಳಿಸಿ. ಕೆಲವು ಮಾದರಿಗಳಲ್ಲಿ ಅದು ಮುಚ್ಚಳದ ಒಳಗಿರುತ್ತದೆ. ಅದಕ್ಕೆ ಎಲೆಕ್ಟ್ರಿಷಿಯನ್ ಬೇಕು, ನೀವೇ ಬಿಚ್ಚಬೇಡಿ. ಸೋಲಾರ್ ಇರುವ ಮನೆಗೆ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಹಾಕಿಸಿ. ಅದು ಬಿಸಿ, ತಣ್ಣೀರು ಎರಡನ್ನೂ ತಾನೇ ಬೆರೆಸಿ ನೀವು ಹೇಳಿದ ಬಿಸಿಗೇ ಬಿಡುತ್ತದೆ. ತಣ್ಣೀರು ನಿಂತುಹೋದರೆ ಬಿಸಿಯನ್ನೂ ನಿಲ್ಲಿಸುತ್ತದೆ. ಅಂಗಡಿಯಲ್ಲಿ ಎರಡು ವಿಷಯ ಕೇಳಿಯೇ ಕೊಳ್ಳಿ: ಸೋಲಾರ್‌ನ ಬಿಸಿ ತಡೆಯುತ್ತದೆಯೇ, ತಾರಸಿ ಟ್ಯಾಂಕಿನ ಕಡಿಮೆ ಒತ್ತಡಕ್ಕೆ ಕೆಲಸ ಮಾಡುತ್ತದೆಯೇ. ದುಬಾರಿ ಎನ್ನುತ್ತೀರಿ. ಬಚ್ಚಲಿನ ಟೈಲ್ಸ್‌ಗೆ ಎಷ್ಟು ಕೊಟ್ಟಿರಿ ಎಂದು ನಾನು ಕೇಳುತ್ತೇನೆ.

ಬಾಡಿಗೆ ಮನೆ, ಇದೆಲ್ಲ ಆಗುವುದಿಲ್ಲ ಎಂದರೆ ಖರ್ಚಿಲ್ಲದ ದಾರಿ ಇದೆ. ಗೀಸರ್‌ಗೆ ತಣ್ಣೀರು ಹೋಗುವ ಪೈಪಿನಲ್ಲಿ ಒಂದು ಆಂಗಲ್ ಕಾಕ್, ಅಂದರೆ ನೀರು ನಿಲ್ಲಿಸುವ ಸಣ್ಣ ವಾಲ್ವ್, ಇರುತ್ತದೆ. ಬಕೆಟ್ ತುಂಬಿದ ಮೇಲೆ ಸ್ವಿಚ್ ಆರಿಸಿ, ಅದನ್ನು ಮುಚ್ಚಿ. ಒಳಗೆ ತಣ್ಣೀರು ತಳ್ಳದಿದ್ದರೆ ಬಿಸಿನೀರು ಹೊರಗೆ ಬರುವುದಿಲ್ಲ. ಆಮೇಲೆ ಮಗು ನಲ್ಲಿ ಎಷ್ಟು ತಿರುಗಿಸಿದರೂ ತಿರುಗಿಸಲಿ. ಸೋಲಾರ್ ಆದರೆ ಬಚ್ಚಲಿಗೆ ಬರುವ ಬಿಸಿ ಲೈನಿನ ವಾಲ್ವ್ ಮುಚ್ಚಿ. ನನ್ನ ಮನೆಗೆ ಸಣ್ಣ ಮಕ್ಕಳು ಬಂದರೆ ನಾನು ಮಾಡುವ ಮೊದಲ ಕೆಲಸ ಇದೇ. ಅತಿಯಾಯಿತು ಎನ್ನುತ್ತಾರೆ ಮನೆಯವರು. ಅನ್ನಲಿ.

ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿ, ಕೊನೆಗೆ ಮತ್ತೆ ಸ್ವಲ್ಪ ತಣ್ಣೀರು. ಕೊನೆಯ ತಣ್ಣೀರು ನಲ್ಲಿಯ ಬಾಯಲ್ಲಿ ಉಳಿದ ಬಿಸಿಯನ್ನು ತೊಳೆಯುತ್ತದೆ, ಕಾದ ಲೋಹವನ್ನೂ ತಣಿಸುತ್ತದೆ. ಚೆನ್ನಾಗಿ ಕಲಕಿ, ಮೊಣಕೈ ಅದ್ದಿ ನೋಡಿ. ಇದೆಲ್ಲ ಮುಗಿದ ಮೇಲೆಯೇ ಮಗು ಬಚ್ಚಲಿನ ಬಾಗಿಲು ದಾಟಬೇಕು. ಬರೀ ಬಿಸಿನೀರಿನ ಬಕೆಟ್ ಇಟ್ಟು, ತಣ್ಣೀರು ಬೆರೆಸುವ ಮೊದಲು ಮಗು ಹಿಮ್ಮುಖವಾಗಿ ಅದರೊಳಗೆ ಕೂತುಬಿಡುವುದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ. ಬೆನ್ನು, ತೊಡೆ, ಗುಪ್ತಾಂಗ ಎಲ್ಲ ಬೆಂದಿರುತ್ತದೆ.

ಎಚ್ಚರವೇ ಸಾಕು ಎಂದು ಇನ್ನೂ ಅನಿಸುತ್ತಿದ್ದರೆ ಇದನ್ನು ಕೇಳಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1983ರಲ್ಲಿ ಒಂದು ಕಾನೂನು ಬಂತು. ಹೊಸ ಹೀಟರ್‌ಗಳನ್ನು 49 ಡಿಗ್ರಿಗೆ ಇಳಿಸಿಯೇ ಕೊಡಬೇಕು ಎಂದು. ನಲ್ಲಿ ನೀರಿಗೆ ಬೆಂದು ಆಸ್ಪತ್ರೆ ಸೇರುವವರು ಅಲ್ಲಿ ಕಡಿಮೆಯಾದರು. ಅಲ್ಲಿನ ತಾಯಂದಿರ ಕಣ್ಣೇನೂ ಚುರುಕಾಗಲಿಲ್ಲ, ನೀರಿನ ಬಿಸಿ ಇಳಿಯಿತು. ಇಂಗ್ಲೆಂಡಿನಲ್ಲಿ 2010ರಿಂದ ಹೊಸ ಮನೆಗಳ ಸ್ನಾನದ ತೊಟ್ಟಿಗೆ 48 ಡಿಗ್ರಿಗಿಂತ ಬಿಸಿ ನೀರು ಬರುವಂತಿಲ್ಲ. ನಮ್ಮ ಬಿಲ್ಡರ್‌ಗಳು ಈಜುಕೊಳ ಕೊಡುತ್ತಾರೆ, ಈ ಒಂದು ವಾಲ್ವ್ ಕೊಡುವುದಿಲ್ಲ. ಫ್ಲ್ಯಾಟ್ ಕೊಳ್ಳುವಾಗ ಕೇಳಿ. ಕೇಳದಿದ್ದರೆ ಅವರು ಕೊಡುವುದೂ ಇಲ್ಲ.

ಪ್ರಶ್ನೆ: ನೀರಿನ ಬಿಸಿ ಇಳಿಸಿದರೆ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ ಎನ್ನುತ್ತಾರಲ್ಲ? (ಮೈಸೂರಿನ ಎಂಜಿನಿಯರ್)

ಒಳ್ಳೆಯ ಪ್ರಶ್ನೆ. ಶ್ವಾಸಕೋಶದ ಸೋಂಕು ತರುವ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿ ನಡುವೆ ಬೆಳೆಯುತ್ತದೆ, 60ರಲ್ಲಿ ಸಾಯುತ್ತದೆ. ದೊಡ್ಡ ಟ್ಯಾಂಕ್ ಇದ್ದರೆ, ಮನೆಯಲ್ಲಿ ವಯಸ್ಸಾದವರೋ ರೋಗನಿರೋಧಕ ಶಕ್ತಿ ಕುಗ್ಗಿದವರೋ ಇದ್ದರೆ, ಟ್ಯಾಂಕನ್ನು 60ರಲ್ಲೇ ಇಡಿ, ನಲ್ಲಿಗೆ ಮೊದಲು ಮಿಕ್ಸಿಂಗ್ ವಾಲ್ವ್ ಹಾಕಿಸಿ. ಆ ವಾಲ್ವ್ ಇರುವುದೇ ಇದಕ್ಕೆ. ದಿನಾ ಖಾಲಿಯಾಗುವ ಸಣ್ಣ ಗೀಸರ್‌ಗೆ ಈ ಭಯ ಕಡಿಮೆ.

ಪ್ರಶ್ನೆ: ಬಿಸಿನೀರು ಬಿದ್ದ ತಕ್ಷಣ ಟೂತ್‌ಪೇಸ್ಟ್ ಹಚ್ಚಬಹುದೇ? ನಮ್ಮೂರಲ್ಲಿ ಸುಟ್ಟಗಾಯಕ್ಕೆ ಸೊಪ್ಪಿನ ಔಷಧಿ ಕೊಡುವವರಿದ್ದಾರೆ, ಕಲೆಯೇ ಉಳಿಯುವುದಿಲ್ಲವಂತೆ. (ಹಾಸನ)

ಟೂತ್‌ಪೇಸ್ಟ್ ಬೇಡ. ಶಾಯಿ ಬೇಡ, ಇಡ್ಲಿ ಹಿಟ್ಟು ಬೇಡ, ಅರಿಶಿನ, ತುಪ್ಪ, ಕಾಫಿಪುಡಿ, ಮೊಟ್ಟೆಯ ಬಿಳಿ ಯಾವುದೂ ಬೇಡ. ನೀವು ಹಚ್ಚಿದ್ದನ್ನು ಗಾಯದ ಆಳ ನೋಡಲು ನಾವು ಉಜ್ಜಿ ತೆಗೆಯಬೇಕು. ಆ ನೋವನ್ನು ಮಗುವಿಗೆ ಕೊಡುತ್ತಿರುವುದು ನೀವು.

ಹರಿಯುವ ತಣ್ಣೀರು, 20 ನಿಮಿಷ. ಎರಡು ನಿಮಿಷ ಅಲ್ಲ. ಗಡಿಯಾರ ನೋಡಿ. ಆಗ ಗೊತ್ತಾಗಲಿಲ್ಲ ಎಂದರೂ ಮೂರು ಗಂಟೆಯೊಳಗೆ ಮಾಡಿದರೆ ಉಪಯೋಗ ಇದೆ. ಐಸ್ ಬೇಡ. ಬಟ್ಟೆ, ಡೈಪರ್, ಬಳೆ, ಗೆಜ್ಜೆ, ಉಡಿದಾರ ತಕ್ಷಣ ತೆಗೆಯಿರಿ. ಬಟ್ಟೆ ಚರ್ಮಕ್ಕೆ ಅಂಟಿದ್ದರೆ ಮಾತ್ರ ಎಳೆಯಬೇಡಿ. ಗಾಯಕ್ಕೆ ನೀರು ಬೀಳುತ್ತಿರಲಿ, ಉಳಿದ ಮೈಯನ್ನು ಬೆಚ್ಚಗೆ ಹೊದಿಸಿ. ಆಮೇಲೆ ಒಗೆದ ಹತ್ತಿ ಬಟ್ಟೆ ಮುಚ್ಚಿ ಹೊರಡಿ. ಮುಖ, ಕೈ, ಪಾದ, ಗುಪ್ತಾಂಗಕ್ಕೆ ತಾಗಿದ್ದರೆ, ಗುಳ್ಳೆ ಎದ್ದಿದ್ದರೆ, ಗಾಯ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ ಆಸ್ಪತ್ರೆಗೇ ಹೋಗಬೇಕು. ವರ್ಷ ತುಂಬದ ಕೂಸಾದರೆ ಎಷ್ಟೇ ಸಣ್ಣದಿದ್ದರೂ ಹೋಗಿ. ದೊಡ್ಡ ಗಾಯವಾದರೆ 108ಕ್ಕೆ ಕರೆ ಮಾಡಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಕ್ಕೆಂದೇ ಮಹಾಬೋಧಿ ಕೇಂದ್ರ ಇದೆ.

ಇನ್ನು ಸೊಪ್ಪಿನವರು. ಮೇಲ್ಪದರ ಮಾತ್ರ ಬೆಂದ ಗಾಯ ಸ್ವಚ್ಛವಾಗಿಟ್ಟರೆ ಎರಡು ವಾರದಲ್ಲಿ ತಾನೇ ಮಾಯುತ್ತದೆ, ಕಲೆಯೂ ಅಷ್ಟಾಗಿ ಉಳಿಯುವುದಿಲ್ಲ. ಚರ್ಮ ಮಾಡಿದ ಕೆಲಸಕ್ಕೆ ಇವರು ಹೆಸರು ತಗೊಳ್ಳುತ್ತಾರೆ. ಆಳದ ಗಾಯ ಬಂದಾಗ ಅದೇ ಸೊಪ್ಪು ಹಚ್ಚಿ ವಾರಗಟ್ಟಲೆ ಕಾಯಿಸುತ್ತಾರೆ. ಕೀವಾದ ಮೇಲೆ ನಮ್ಮ ಹತ್ತಿರ ಕಳಿಸುತ್ತಾರೆ. ಬೇಗ ಚರ್ಮ ಕಸಿ ಮಾಡಿದ್ದರೆ ನೇರವಾಗಿ ಉಳಿಯುತ್ತಿದ್ದ ಬೆರಳುಗಳು ಅಷ್ಟರಲ್ಲಿ ಸೊಟ್ಟಗಾಗಿ ಅಂಟಿಕೊಂಡಿರುತ್ತವೆ. ಆ ಕೈಯಲ್ಲಿ ಮಗು ಪೆನ್ಸಿಲ್ ಹಿಡಿಯುವುದು ಹೇಗೆ? ಗಾಯದ ಆಳ ಯಾವುದು ಎಂದು ನೋಡಿ ಹೇಳಲು ಬಾರದವರ ಕೈಗೆ ಮಗುವನ್ನು ಕೊಡಬೇಡಿ.

ಪ್ರಶ್ನೆ: ಕೂಸಿಗೆ ಚೆನ್ನಾಗಿ ಬಿಸಿ ಇರುವ ನೀರು ಎರೆದರೇ ಮೂಳೆ ಗಟ್ಟಿಯಾಗುವುದು, ನಿದ್ದೆ ಬರುವುದು ಎಂದು ಅತ್ತೆ ಹೇಳುತ್ತಾರೆ. (ಶಿರಸಿ)

ಎಣ್ಣೆ ಹಚ್ಚಲಿ, ಕಾಲ ಮೇಲೆ ಮಲಗಿಸಿಕೊಂಡು ಎರೆಯಲಿ, ನನ್ನ ತಕರಾರಿಲ್ಲ. ಆ ಕೈಗಳಿಗೆ ಕೂಸನ್ನು ಹಿಡಿಯುವುದು ನಮಗಿಂತ ಚೆನ್ನಾಗಿ ಗೊತ್ತು. ಆದರೆ ಮೂಳೆಗೂ ನೀರಿನ ಬಿಸಿಗೂ ಸಂಬಂಧವಿಲ್ಲ. ಬೆಚ್ಚಗಿನ ನೀರಿಗೂ ಕೂಸು ಅಷ್ಟೇ ಚೆನ್ನಾಗಿ ಮಲಗುತ್ತದೆ. ಎರೆದ ಮೇಲೆ ಮೈ ಕೆಂಪಾದರೆ ಅದು ಆರೋಗ್ಯದ ಗುರುತಲ್ಲ, ನೀರು ಜಾಸ್ತಿ ಬಿಸಿ ಇತ್ತು ಎಂದರ್ಥ. ವರ್ಷಗಟ್ಟಲೆ ಒಲೆ ಮುಂದೆ ದುಡಿದ ಕೈಗೆ ಬಿಸಿ ಅಷ್ಟಾಗಿ ತಿಳಿಯುವುದಿಲ್ಲ. ಹಂಡೆ ನೀರನ್ನು ಹದ ಮಾಡುವ ಕೆಲಸ ನೀವು ತಗೊಳ್ಳಿ, ಎರೆಯುವುದನ್ನು ಅವರಿಗೆ ಬಿಡಿ.

ಪ್ರಶ್ನೆ: ಬಿಸಿಯಾದರೆ ಬಣ್ಣ ಬದಲಿಸುವ ಬಾತುಕೋಳಿ ಆಟಿಕೆ ಕೊಳ್ಳಬಹುದೇ?

ಆಟಕ್ಕೆ ಕೊಳ್ಳಿ, ಬಿಸಿ ನೋಡಲು ಮೊಣಕೈ ಇದೆ.

ಪ್ರಶ್ನೆ: ಮಗುವನ್ನು ಸ್ನಾನದ ಕುರ್ಚಿಯಲ್ಲಿ ಕೂರಿಸಿ ಬಾಗಿಲು ತೆಗೆದು ಬರಬಹುದೇ?

ಇಲ್ಲ. ಬಾಗಿಲಲ್ಲಿ ನಿಂತವರು ಕಾಯಲಿ.

ಪ್ರಶ್ನೆ: ನಮ್ಮಲ್ಲಿ ನೀರು ಬರುವುದೇ ವಾರಕ್ಕೊಮ್ಮೆ. ಮಗು ಮುಳುಗುವ ಅಪಾಯವಿದೆ, ಬಕೆಟ್ ತುಂಬಿಡಬೇಡಿ ಎನ್ನುತ್ತಾರೆ. ಅದು ಹೇಗೆ ಸಾಧ್ಯ? (ಹುಬ್ಬಳ್ಳಿ)

ನೀರು ತುಂಬಿಡಲೇಬೇಕು, ಒಪ್ಪುತ್ತೇನೆ. ಬಕೆಟ್ಟಿನಲ್ಲಿ ಬೇಡ, ಬಿಗಿ ಮುಚ್ಚಳದ ಎತ್ತರದ ಡ್ರಮ್ಮಿನಲ್ಲಿ ಇಡಿ. ಬಚ್ಚಲಿನ ಬಾಗಿಲಿಗೆ ಹೊರಗಿನಿಂದ, ಮಗುವಿಗೆ ಎಟುಕದ ಎತ್ತರದಲ್ಲಿ ಚಿಲಕ ಹಾಕಿಸಿ. ನಲ್ಲಿ ತೊಟ್ಟಿಕ್ಕುತ್ತದೆ ಎಂದು ಕೆಳಗೆ ಬಕೆಟ್ ಇಟ್ಟು ಮರೆಯುವುದನ್ನು ಮೊದಲು ನಿಲ್ಲಿಸಿ. ಈ ವಯಸ್ಸಿನ ಮಗುವಿನ ತಲೆಯೇ ಭಾರ. ಬಗ್ಗಿ ನೋಡುತ್ತಾ ತಲೆಕೆಳಗಾದರೆ ಮೇಲೇಳಲು ಆಗುವುದಿಲ್ಲ. ಗೇಣು ನೀರು ಸಾಕು. ಸದ್ದೇ ಬರುವುದಿಲ್ಲ.

ಪ್ರಶ್ನೆ: ಬಕೆಟ್ಟಿಗೆ ಹಾಕುವ ಹೀಟರ್ ರಾಡ್ ಸುರಕ್ಷಿತವೇ?

ಸಣ್ಣ ಮಕ್ಕಳಿರುವ ಮನೆಯಲ್ಲಿ ಬೇಡ. ಕರೆಂಟ್, ಕುದಿನೀರು, ಮಗುವಿನ ಎತ್ತರದ ಬಕೆಟ್, ಮೂರೂ ಒಂದೇ ಕಡೆ. ಒಲೆಯ ಮೇಲೆ ಕಾಯಿಸಿ, ಮಗು ಇನ್ನೊಂದು ಕೋಣೆಯಲ್ಲಿರುವಾಗ ತಂದು ಬೆರೆಸಿ.

ಪ್ರಶ್ನೆ: ಗ್ಯಾಸ್ ಗೀಸರ್ ಬಚ್ಚಲ ಒಳಗೇ ಇದೆ. ಕಿಟಕಿ ತೆಗೆದಿಟ್ಟರೆ ಮಗುವಿಗೆ ಸ್ನಾನ ಮಾಡಿಸಬಹುದೇ? (ಶಿವಮೊಗ್ಗ)

ಬೇಡ. ಚಳಿಗೆ ಆ ಕಿಟಕಿಯನ್ನು ಯಾರಾದರೂ ಮುಚ್ಚಿಯೇ ಮುಚ್ಚುತ್ತಾರೆ. ಗ್ಯಾಸ್ ಉರಿಯುವಾಗ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತುತ್ತಿದೆ ಎಂದು ಹೇಳಲು ಕೂಸಿಗೆ ಮಾತೂ ಬಾರದು. ಈ ವಾರವೇ ಅದನ್ನು ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಜಾಗಕ್ಕೆ ಹಾಕಿಸಿ. ಅಲ್ಲಿಯವರೆಗೆ ಅಡುಗೆಮನೆಯಲ್ಲಿ ಕಾಯಿಸಿದ ನೀರು ಸಾಕು.