ಸ್ಪಿಂಡಲ್ (ಕೆತ್ತುವ ಬಿಟ್ ತಿರುಗಿಸುವ ಮೋಟರ್) ಆನ್ ಮಾಡಿದ ಕೂಡಲೇ ಲಿಮಿಟ್ ಅಲಾರ್ಮ್ ಬಂದು ಮರ ಕೆತ್ತುವ ನನ್ನ ಸಿಎನ್‌ಸಿ ರೌಟರ್ ನಿಲ್ಲುತ್ತಿದೆ. ಯಾವ ಫಿಲ್ಟರ್ ಕೊಳ್ಳಲಿ?

ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಯಂತ್ರದ ತಲೆ ಅಂಚಿಗೆ ಹೋಗಿ ಲಿಮಿಟ್ ಸ್ವಿಚ್ ಒತ್ತಿದಾಗ ಮಾತ್ರ ಬರಬೇಕಾದ ಅಲಾರ್ಮ್ ಅದು. ಮೂರು ತಿಂಗಳು ನಾನು ಇದೇ ಅಲಾರ್ಮ್ ಜೊತೆ ಒದ್ದಾಡಿದ್ದೇನೆ.

ನನ್ನದು ಆರ್ಡುಯಿನೋ ಯುನೋ ಬೋರ್ಡಿನ ಮೇಲೆ ಜಿಆರ್‌ಬಿಎಲ್ (ಯಂತ್ರವನ್ನು ನಡೆಸುವ ಸಾಫ್ಟ್‌ವೇರ್), 2.2 ಕಿಲೋವ್ಯಾಟ್ ಸ್ಪಿಂಡಲ್, ಅದರ ವೇಗ ಹಿಡಿತದಲ್ಲಿಡಲು ಒಂದು ವಿಎಫ್‌ಡಿ. ತಂಗಿಯ ಗೃಹಪ್ರವೇಶಕ್ಕೆಂದು ತೇಗದ ಬಾಗಿಲಿಗೆ ಬಳ್ಳಿ ಕೆತ್ತುತ್ತಿದ್ದೆ. ಸ್ವಿಚ್ಚನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಅರ್ಧಕ್ಕೇ ಅಲಾರ್ಮ್ 1, ಅಂದರೆ ಇದೇ ಲಿಮಿಟ್ ಅಲಾರ್ಮ್. ಮತ್ತೆ ಶುರು ಮಾಡಿದಾಗ ಗೆರೆ ಕೂಡಲಿಲ್ಲ, ಹಲಗೆ ಹಾಳಾಯಿತು. ವೈರುಗಳಲ್ಲಿನ ವಿದ್ಯುತ್ ಗಲಾಟೆ ತಡೆಯಲೆಂದು ಫೆರೈಟ್, ಫಿಲ್ಟರ್, ಹೊಸ ಯುಎಸ್‌ಬಿ ಕೇಬಲ್ ಎಲ್ಲ ತಂದೆ. ಏನೂ ಬದಲಾಗಲಿಲ್ಲ.

ತಪ್ಪಿದ್ದದ್ದು ಸ್ಪಿಂಡಲ್‌ನ ನಾಲ್ಕು ಪಿನ್ನಿನ ಕನೆಕ್ಟರ್‌ನಲ್ಲಿ. ಮೂರು ಪಿನ್ ಮೋಟರಿಗೆ, ನಾಲ್ಕನೆಯದು ಅರ್ಥಿಂಗ್‌ಗೆ ಅಂದುಕೊಂಡು ಹಸಿರು ವೈರನ್ನು ನಾನೇ ಬೆಸುಗೆ ಹಾಕಿದ್ದೆ. ಪ್ಲಗ್‌ನಿಂದ ವಿಎಫ್‌ಡಿಗೆ, ವಿಎಫ್‌ಡಿಯಿಂದ ಆ ಪಿನ್ನಿಗೆ ಮಲ್ಟಿಮೀಟರ್ ಹಿಡಿದೆ, ಎರಡೂ ಕಡೆ ಬೀಪ್. ಅಲ್ಲಿಗೇ ನಿಲ್ಲಿಸಿದೆ. ಒಂದು ಗೇಣು ಆಚೆ, ಸ್ಪಿಂಡಲ್‌ನ ಲೋಹದ ಮೈಗೆ, ಒಮ್ಮೆಯೂ ಹಿಡಿಯಲಿಲ್ಲ. ಕೊನೆಗೆ ಮೇಲಿನ ಮುಚ್ಚಳ ಬಿಚ್ಚಿದರೆ ಒಳಗೆ ನಾಲ್ಕನೇ ಪಿನ್ನಿಗೆ ವೈರೇ ಇಲ್ಲ! ಕೆಲವು ಅಗ್ಗದ ಸ್ಪಿಂಡಲ್‌ಗಳು ಹೀಗೇ ಬರುತ್ತವೆ. ವಿಎಫ್‌ಡಿ ಸೆಕೆಂಡಿಗೆ ಸಾವಿರಾರು ಸಲ ವೋಲ್ಟೇಜನ್ನು ಕತ್ತರಿಸಿ ಕಳಿಸುತ್ತದೆ. ಆ ಏಟು ವೈಂಡಿಂಗ್‌ನಿಂದ ಮೈಗೆ ಹಾಯುತ್ತದೆ. ವಾಪಸು ಹೋಗಲು ದಾರಿ ಸಿಗದೆ ಫ್ರೇಮಿಗೆ, ಪಕ್ಕದ ಲಿಮಿಟ್ ವೈರಿಗೆ ನುಗ್ಗುತ್ತದೆ. ಸ್ವಿಚ್ ಒತ್ತದಿದ್ದಾಗ ಲಿಮಿಟ್ ಪಿನ್ನಿನ ವೋಲ್ಟೇಜನ್ನು ಮೇಲೆ ಹಿಡಿದಿಡುವ ಯುನೋದ ಒಳಗಿನ ಪುಲ್‌ಅಪ್ ರೆಸಿಸ್ಟರ್ 20ರಿಂದ 50 ಕಿಲೋಓಮ್, ತೀರಾ ದುರ್ಬಲ. ಸಣ್ಣ ಗಲಾಟೆಯೂ ಅದಕ್ಕೆ ಸ್ವಿಚ್ ಒತ್ತಿದ ಹಾಗೆ. ಅದಕ್ಕಿಂತ ದೊಡ್ಡ ಭಯ, ಇನ್ಸುಲೇಷನ್ ಕೆಟ್ಟಿದ್ದರೆ ಆ ಮೈ ಮುಟ್ಟಿದವರಿಗೆ ಶಾಕ್ ಹೊಡೆಯುತ್ತಿತ್ತು.

ಪಿನ್ನಿನಿಂದ ಮೈಗೆ ಒಂದು ವೈರ್ ಎಳೆದೆ. ಆ ಸಂಜೆಯಿಂದ ಅಲಾರ್ಮ್ ಬಂದಿಲ್ಲ.

ಪ್ಲಗ್ ಕಿತ್ತು, ವಿಎಫ್‌ಡಿಯ ಚಾರ್ಜ್ ಇಳಿಯುವವರೆಗೆ ಕಾದು, ಸ್ಪಿಂಡಲ್ ಮೈಯಿಂದ ಪ್ಲಗ್‌ನ ಅರ್ಥ್ ಪಿನ್ನಿಗೆ ಅಳೆಯಿರಿ. 1 ಓಮಿಗಿಂತ ಕಡಿಮೆ ಬರಬೇಕು. ಆನೋಡೈಸ್ ಆದ ಅಲ್ಯೂಮಿನಿಯಂನ ಮೇಲ್ಪದರ ಕರೆಂಟ್ ಹಾಯಿಸುವುದಿಲ್ಲ, ಪ್ರೋಬನ್ನು ಬರಿ ಲೋಹಕ್ಕೆ ಒತ್ತಿ. ಗೋಡೆಯ ಸಾಕೆಟ್ಟಿನ ಅರ್ಥಿಂಗನ್ನು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಹಳೇ ಮನೆಗಳಲ್ಲಿ ಮೂರನೇ ತೂತು ಬರಿದೇ ಇರುವುದುಂಟು. ಆಮೇಲೂ ಕಾಟ ಇದ್ದರೆ ಲಿಮಿಟ್ ವೈರನ್ನು ಸ್ಪಿಂಡಲ್ ಕೇಬಲ್‌ನಿಂದ ದೂರ ಸರಿಸಿ, ಯುನೋದ ಲಿಮಿಟ್ ಪಿನ್ನಿಗೆ 1 ಕಿಲೋಓಮ್ ಪುಲ್‌ಅಪ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಸ್ವಿಚ್ ಒತ್ತಿದಾಗ ಯಂತ್ರವನ್ನು ನಿಲ್ಲಿಸುವ ಹಾರ್ಡ್ ಲಿಮಿಟನ್ನೇ ಆಫ್ ಮಾಡಿ ಅನ್ನುವವರ ಮಾತು ದಯವಿಟ್ಟು ಕೇಳಬೇಡಿ.

ಮೀಟರಿನಲ್ಲಿ ಎಷ್ಟು ಬಂತು, ತಿಳಿಸಿ.